ಹಳಿಬದಿಯ ಸುರಕ್ಷತಾ ಫಲಕಗಳು: ದಕ್ಷಿಣ ಬೆಂಗಳೂರಿನ ಮೆಟ್ರೋ ಮತ್ತು ಸುತ್ತಲಿನ ರೈಲು ಮಾರ್ಗಗಳು

ರೈಲು ಹಳಿಯ ಪಕ್ಕ, ಪ್ಲಾಟ್‌ಫಾರಂ ಅಂಚು, ವಿದ್ಯುತ್ ಕಂಬ, ರೈಲ್ವೆ ಗೇಟಿನ ಎರಡೂ ಬದಿ ಹೀಗೆ ರೈಲು ಓಡಾಡುವ ದಾರಿಯುದ್ದಕ್ಕೂ ನೆಟ್ಟ, ಬರೆದ, ಬಳಿದ ಎಚ್ಚರಿಕೆಯ ಗುರುತುಗಳೇ ಹಳಿಬದಿಯ ಸುರಕ್ಷತಾ ಫಲಕಗಳು. ಸಿಗ್ನಲ್ ದೀಪದ ಬಣ್ಣ ರೈಲಿನಿಂದ ರೈಲಿಗೆ ಬದಲಾಗುತ್ತದೆ. ಫಲಕ ಹೇಳುವ ಮಾತು ಮಾತ್ರ ಹಗಲು ರಾತ್ರಿ, ಮಳೆ ಬಿಸಿಲು ಎನ್ನದೆ ಒಂದೇ. ಮುಂದೆ ಗೇಟಿದೆ, ಇಲ್ಲಿ ವೇಗ ತಗ್ಗಿಸು, ಈ ತಂತಿಯಲ್ಲಿ ವಿದ್ಯುತ್ ಇದೆ, ಈ ಗೆರೆ ದಾಟಬೇಡ.

ಈ ಫಲಕಗಳಲ್ಲಿ ಹೆಚ್ಚಿನವು ಲೋಕೋ ಪೈಲಟ್, ಗೇಟ್‌ಮ್ಯಾನ್, ಟ್ರ್ಯಾಕ್‌ಮ್ಯಾನ್‌ಗಳಿಗಾಗಿ ಇರುವಂಥವು. ಕೆಲಸಕ್ಕೆ ಸೇರುವ ಮೊದಲೇ ಅವರು ಇವನ್ನು ಕಲಿತು ಪರೀಕ್ಷೆ ಬರೆದಿರುತ್ತಾರೆ. ಸಾರ್ವಜನಿಕರನ್ನು ಉದ್ದೇಶಿಸಿದವು ಬೆರಳೆಣಿಕೆಯಷ್ಟು. ಆ ಕೆಲವನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ದಕ್ಷಿಣ ಬೆಂಗಳೂರಿನ ಮಟ್ಟಿಗೆ ಈ ಕೊರತೆ ಇನ್ನಷ್ಟು ಮುಖ್ಯವಾದದ್ದು. ಹಳಿಯೇ ಇಲ್ಲದ ಬಡಾವಣೆಗಳಲ್ಲಿ ಬೆಳೆದವರ ಮನೆಬಾಗಿಲಿಗೆ ಈಗ ಮೆಟ್ರೋ ಬಂದಿದೆ, ಅದರ ಅಪಾಯ ಇರುವ ಜಾಗವೂ ಸಾಮಾನ್ಯ ರೈಲಿನದಕ್ಕಿಂತ ಬೇರೆ.

ಹಳಿಗಳ ಭೂಗೋಳ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ನಡುವೆ ಭಾರತೀಯ ರೈಲ್ವೆಯ ಹಳಿ ಹಾದುಹೋಗುವುದಿಲ್ಲ. ಈ ಪ್ರದೇಶದ ಪಶ್ಚಿಮಕ್ಕೆ ಬೆಂಗಳೂರು–ಮೈಸೂರು ಮಾರ್ಗವಿದೆ. ಕೃಷ್ಣದೇವರಾಯ ಹಾಲ್ಟ್, ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿ ಅದರ ಹತ್ತಿರದ ನಿಲ್ದಾಣಗಳು. ಪೂರ್ವಕ್ಕೆ ಬೈಯಪ್ಪನಹಳ್ಳಿಯಿಂದ ಬೆಳ್ಳಂದೂರು ರಸ್ತೆ, ಕಾರ್ಮೆಲರಾಂ, ಹೀಲಲಿಗೆ, ಆನೇಕಲ್ ರಸ್ತೆ ಮೂಲಕ ಹೊಸೂರಿಗೂ ಅಲ್ಲಿಂದ ಸೇಲಂ ಕಡೆಗೂ ಹೋಗುವ ಮಾರ್ಗವಿದೆ. ಎರಡೂ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದ ಕೈಕೆಳಗಿವೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ಈ ವಲಯ 2003ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿತು.

ನಡುವಿನ ಬಡಾವಣೆಗಳಿಗೆ ರೈಲು ಬಂದದ್ದು ನಮ್ಮ ಮೆಟ್ರೋ ರೂಪದಲ್ಲಿ. ಹಸಿರು ಮಾರ್ಗ 2017ರ ಜೂನ್‌ನಲ್ಲಿ ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿಯವರೆಗೆ ತೆರೆದುಕೊಂಡಾಗ ಸೌತ್ ಎಂಡ್ ಸರ್ಕಲ್, ಜಯನಗರ, ಆರ್.ವಿ. ರಸ್ತೆ, ಬನಶಂಕರಿ, ಜೆ.ಪಿ. ನಗರ ನಿಲ್ದಾಣಗಳು ಬಳಕೆಗೆ ಬಂದವು. 2021ರ ಜನವರಿಯಲ್ಲಿ ಅದೇ ಮಾರ್ಗ ರೇಷ್ಮೆ ಸಂಸ್ಥೆಯವರೆಗೆ ಬೆಳೆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಸುಮಾರು 19 ಕಿಲೋಮೀಟರು, 16 ನಿಲ್ದಾಣಗಳ ಈ ಮಾರ್ಗದಿಂದಾಗಿ ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ಲೇಔಟ್, ಸೆಂಟ್ರಲ್ ಸಿಲ್ಕ್ ಬೋರ್ಡ್ ಕೂಡ ಮೆಟ್ರೋ ನಕ್ಷೆಯಲ್ಲಿ ಸೇರಿದವು.

ಎರಡು ವ್ಯವಸ್ಥೆಗಳ ವ್ಯತ್ಯಾಸ ಹಳಿಯಿಂದಲೇ ಶುರುವಾಗುತ್ತದೆ. ರೈಲ್ವೆಯ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರು, ಮೆಟ್ರೋದ್ದು 1,435. ರೈಲ್ವೆಗೆ 25,000 ವೋಲ್ಟಿನ ವಿದ್ಯುತ್ ತಲೆಯ ಮೇಲಿನ ತಂತಿಯಿಂದ ಬರುತ್ತದೆ. ನಮ್ಮ ಮೆಟ್ರೋಗೆ 750 ವೋಲ್ಟಿನ ಡಿ.ಸಿ. ವಿದ್ಯುತ್ ಹಳಿಯ ಪಕ್ಕದಲ್ಲೇ ಓಡುವ ಮೂರನೇ ಹಳಿಯಿಂದ ಸಿಗುತ್ತದೆ. ಎರಡೂ ಕಡೆಯ ಫಲಕಗಳು ಬೇರೆಬೇರೆಯಾಗಿರಲು ಮುಖ್ಯ ಕಾರಣ ಇದೇ.

ಬಣ್ಣ ಮತ್ತು ಆಕಾರ

ಓಡುವ ರೈಲಿನಿಂದ ಫಲಕ ಓದಲು ಸಿಗುವುದು ಕೆಲವೇ ಸೆಕೆಂಡು. ಹೀಗಾಗಿ ರೈಲ್ವೆ ಫಲಕಗಳಲ್ಲಿ ವಾಕ್ಯಗಳಿಲ್ಲ. ಒಂದೆರಡು ಅಕ್ಷರ, ಒಂದು ಅಂಕಿ, ಒಂದು ಆಕಾರ, ಅಷ್ಟೆ. ಹಳದಿ ಹಿನ್ನೆಲೆಯ ಮೇಲೆ ಕಪ್ಪು ಬರಹ ಹೆಚ್ಚಾಗಿ ಕಾಣುವ ಜೋಡಿ. ಇಂಜಿನ್ನಿನ ದೀಪದ ಬೆಳಕಿನಲ್ಲೂ ಮುಂಜಾನೆಯ ಮಬ್ಬಿನಲ್ಲೂ ಅದು ದೂರದಿಂದ ಎದ್ದು ತೋರುತ್ತದೆ.

ಸಿಗ್ನಲ್ಲಿನಲ್ಲಿ ಕೆಂಪು ಎಂದರೆ ನಿಲ್ಲು, ಹಸಿರು ಎಂದರೆ ಹೊರಡು. ಒಂದೇ ಹಳದಿ ಇದ್ದರೆ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲು ಸಿದ್ಧನಾಗಬೇಕು. ಎರಡು ಹಳದಿ ಇದ್ದರೆ ಮುಂದಿನ ಸಿಗ್ನಲ್ಲನ್ನು ಕಡಿಮೆ ವೇಗದಲ್ಲಿ ದಾಟಲು ಸಜ್ಜಾಗಬೇಕು.

ಸಾರ್ವಜನಿಕರಿಗಾಗಿ ಇರುವ ಫಲಕಗಳಿಗೆ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ ವ್ಯಾಕರಣವಿದೆ. ಐ.ಎಸ್.ಓ. 7010 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕೆಂಪು ವೃತ್ತದೊಳಗೆ ಅಡ್ಡಗೆರೆ ಇದ್ದರೆ ನಿಷೇಧ. ಹಳದಿ ತ್ರಿಕೋನ ಎಚ್ಚರಿಕೆ, ನೀಲಿ ವೃತ್ತ ಕಡ್ಡಾಯ ಸೂಚನೆ, ಹಸಿರು ಚೌಕ ತುರ್ತು ದಾರಿ ಅಥವಾ ನೆರವು. ಮೆಟ್ರೋ ನಿಲ್ದಾಣ, ಮಾಲ್, ಆಸ್ಪತ್ರೆಗಳಲ್ಲಿ ಬಾಗಿಲತ್ತ ಓಡುತ್ತಿರುವ ಮನುಷ್ಯನ ಹಸಿರು ಚಿತ್ರ ಎಲ್ಲರೂ ಕಂಡದ್ದೇ. ಅದರ ಮೂಲ ಜಪಾನಿನ ವಿನ್ಯಾಸಕಾರ ಯುಕಿಯೊ ಓಟಾ ಅವರ ಚಿತ್ರದಲ್ಲಿದೆ. ಹಳದಿ ತ್ರಿಕೋನದಲ್ಲಿ ಮಿಂಚಿನ ಬಾಣ ಕಂಡರೆ ಅಲ್ಲಿ ವಿದ್ಯುತ್ ಅಪಾಯವಿದೆ ಎಂದರ್ಥ. ಓದಲು ಬಾರದವರಿಗೂ ಊರಿಗೆ ಹೊಸಬರಿಗೂ ತಲುಪಬೇಕೆಂಬುದೇ ಈ ಚಿತ್ರಭಾಷೆಯ ಉದ್ದೇಶ.

ಸೀಟಿ ಹಾಕಿಸುವ ಬೋರ್ಡು

ಕೆಂಗೇರಿ ಕಡೆಗೋ ಹೊಸೂರು ಕಡೆಗೋ ಹೋಗುವಾಗ ಕಿಟಕಿಯಿಂದ ಕಾಣುವ ಫಲಕಗಳಲ್ಲಿ ಬಹಳ ಜನ ಗಮನಿಸಿರುವುದು ಹಳದಿ ಚೌಕದ ಮೇಲೆ ಕಪ್ಪಾಗಿ ಬರೆದ ‘ಡಬ್ಲ್ಯು/ಎಲ್’ ಎಂಬ ಇಂಗ್ಲಿಷ್ ಅಕ್ಷರಗಳನ್ನು. ಜೊತೆಗೆ ಹಿಂದಿಯಲ್ಲಿ ‘ಸೀ/ಫಾ’ ಎಂದಿರುತ್ತದೆ. ಮುಂದೆ ಲೆವೆಲ್ ಕ್ರಾಸಿಂಗ್ ಇದೆ, ಸೀಟಿ ಹಾಕು ಎಂಬುದು ಲೋಕೋ ಪೈಲಟ್‌ಗೆ ಅದು ಕೊಡುವ ಆದೇಶ. ‘ಎಲ್’ ಇಲ್ಲದೆ ‘ಡಬ್ಲ್ಯು’ ಮಾತ್ರ ಇದ್ದರೆ ಅಲ್ಲಿ ತಿರುವು, ಸೇತುವೆ, ಕಣ್ಣಿಗೆ ಮರೆಯಾಗುವ ಕಟಿಂಗ್ ಮುಂತಾದ ಬೇರೆ ಕಾರಣಕ್ಕೆ ಸೀಟಿ ಬೇಕಾಗಿದೆ ಎಂದು ತಿಳಿಯಬೇಕು.

ಗೇಟಿನ ಸೀಟಿ ಬೋರ್ಡನ್ನು ಸಾಮಾನ್ಯವಾಗಿ ಗೇಟಿಗೆ 600 ಮೀಟರು ಮುಂಚೆ ನೆಡುತ್ತಾರೆ. ಈ ಅಂತರದಲ್ಲಿ ಲೆಕ್ಕಾಚಾರವಿದೆ. ಗಂಟೆಗೆ 100 ಕಿಲೋಮೀಟರು ವೇಗದ ರೈಲು ಸೆಕೆಂಡಿಗೆ ಸುಮಾರು 28 ಮೀಟರು ಓಡುತ್ತದೆ. 600 ಮೀಟರು ದಾಟಲು ಅದಕ್ಕೆ 22 ಸೆಕೆಂಡು ಸಾಕು. ಹಳಿಯ ಮೇಲಿರುವ ಮನುಷ್ಯ, ದನ, ಗಾಡಿ ಸರಿದುಹೋಗಲು ಇರುವ ಅವಧಿ ಅಷ್ಟೇ. ಅದೇ ವೇಗದಲ್ಲಿ ಓಡುತ್ತಿರುವ ತುಂಬಿದ ರೈಲು ಬ್ರೇಕ್ ಹಾಕಿದ ಮೇಲೂ ಒಂದು ಕಿಲೋಮೀಟರಿನ ಆಸುಪಾಸು ಓಡಿಯೇ ನಿಲ್ಲುತ್ತದೆ. ಅಂದರೆ ಸೀಟಿ ಕೇಳಿದ ಹೊತ್ತಿಗೆ ರೈಲನ್ನು ನಿಲ್ಲಿಸುವ ಅವಕಾಶ ಲೋಕೋ ಪೈಲಟ್ ಕೈಯಲ್ಲಿ ಉಳಿದಿರುವುದಿಲ್ಲ. ಸರಿಯಬೇಕಾದವರು ಹಳಿಯ ಮೇಲಿರುವವರೇ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಳಿ ದಾಟುವವರಿಗೆ ಈ 22 ಸೆಕೆಂಡುಗಳ ಪೂರ್ತಿ ಉಪಯೋಗ ಕೈತಪ್ಪುತ್ತದೆ.

ವೇಗ ತಗ್ಗಿಸುವ ಫಲಕಗಳು

ಹಳಿ ದುರಸ್ತಿ, ಸೇತುವೆ ಕೆಲಸ, ಜೋಡಿಹಳಿ ಕಾಮಗಾರಿ ನಡೆಯುವಲ್ಲಿ ತಾತ್ಕಾಲಿಕವಾಗಿ ವೇಗಕ್ಕೆ ಮಿತಿ ಹಾಕುತ್ತಾರೆ. ರೈಲು ಹೊರಡುವ ಮುನ್ನವೇ ಲೋಕೋ ಪೈಲಟ್ ಕೈಗೆ ‘ಕಾಶನ್ ಆರ್ಡರ್’ ಎಂಬ ಕಾಗದ ಬರುತ್ತದೆ. ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರಿನವರೆಗೆ ಎಷ್ಟು ವೇಗ ಎಂಬುದು ಅದರಲ್ಲಿರುತ್ತದೆ. ಕಾಗದದಲ್ಲಿ ಇರುವುದನ್ನೇ ಫಲಕಗಳು ನೆಲದ ಮೇಲೆ ತೋರಿಸುತ್ತವೆ.

ಮೊದಲು ಎದುರಾಗುವುದು ಎಚ್ಚರಿಕೆ ಫಲಕ. ಉದ್ದನೆಯ ಹಳದಿ ಹಲಗೆಯ ಒಂದು ತುದಿ ಬಾಣದಂತೆ ಚೂಪು, ಇನ್ನೊಂದು ತುದಿ ಮೀನಿನ ಬಾಲದಂತೆ ಕವಲು. ನಿರ್ಬಂಧಿತ ಜಾಗಕ್ಕಿಂತ ಬಹಳ ಮುಂಚೆಯೇ ಇದು ನಿಂತಿರುತ್ತದೆ. ವೇಗ ಇಳಿಸಲು ಬೇಕಾದಷ್ಟು ದೂರ ಲೋಕೋ ಪೈಲಟ್‌ಗೆ ಸಿಗಲಿ ಎಂಬುದು ಉದ್ದೇಶ. ಎರಡನೆಯದು ವೇಗ ಫಲಕ. ಹಳದಿ ತ್ರಿಕೋನದೊಳಗೆ ಕಪ್ಪು ಅಂಕಿ. ಅಂಕಿ 20 ಎಂದಿದ್ದರೆ ಗಂಟೆಗೆ 20 ಕಿಲೋಮೀಟರಿಗಿಂತ ಹೆಚ್ಚು ಕೂಡದು. ಕೆಲಸದ ಜಾಗ ಇಲ್ಲಿಂದ ಕೇವಲ 30 ಮೀಟರು ಮುಂದಿರುತ್ತದೆ.

ನಿರ್ಬಂಧ ಮುಗಿಯುವುದನ್ನು ಹೇಳಲು ಎರಡು ದುಂಡು ಫಲಕಗಳಿವೆ. ಒಂದರಲ್ಲಿ ‘ಟಿ/ಪಿ’, ಇನ್ನೊಂದರಲ್ಲಿ ‘ಟಿ/ಜಿ’. ಮೊದಲನೆಯದು ಪ್ರಯಾಣಿಕರ ಗಾಡಿಗೆ, ಎರಡನೆಯದು ಗೂಡ್ಸ್ ಗಾಡಿಗೆ. ಎರಡನ್ನು ಬೇರೆಬೇರೆ ಜಾಗದಲ್ಲಿ ನೆಡುವುದರ ಹಿಂದಿನ ಯೋಚನೆಯನ್ನು ಹತ್ತಿರದಿಂದ ನೋಡಬೇಕು. ಇಂಜಿನ್ ಕೆಟ್ಟ ಹಳಿಯನ್ನು ದಾಟಿದ ಕೂಡಲೇ ವೇಗ ಹೆಚ್ಚಿಸಿದರೆ ಹಿಂದಿನ ಬೋಗಿಗಳು ಇನ್ನೂ ಆ ದುರ್ಬಲ ಜಾಗದ ಮೇಲೇ ಇರುತ್ತವೆ. ಕೊನೆಯ ಬೋಗಿಯೂ ದಾಟಿದ ಮೇಲೆಯೇ ವೇಗ ಏರಬೇಕು. ಹೀಗಾಗಿ ಆ ಮಾರ್ಗದ ಅತಿ ಉದ್ದದ ಪ್ರಯಾಣಿಕರ ರೈಲಿನ ಉದ್ದದಷ್ಟು ದೂರದಲ್ಲಿ ‘ಟಿ/ಪಿ’, ಅತಿ ಉದ್ದದ ಗೂಡ್ಸ್ ರೈಲಿನ ಉದ್ದದಷ್ಟು ದೂರದಲ್ಲಿ ‘ಟಿ/ಜಿ’ ನಿಲ್ಲಿಸುತ್ತಾರೆ. ಇಂಜಿನ್ ಆ ದುಂಡು ಫಲಕದ ಬಳಿ ಬಂದಾಗ ಬಾಲವೂ ಅಪಾಯದಿಂದ ಹೊರಬಂದಿರುತ್ತದೆ. ಮುಂದೆ ಕೂತವನಿಗೆ ಹಿಂದಿನ ಬೋಗಿ ಕಾಣದಿದ್ದರೂ ಅವನು ತಪ್ಪುವುದಿಲ್ಲ.

ಹಳಿ ಏಕಾಏಕಿ ಮುರಿದರೆ ಫಲಕ ನೆಡಲು ಸಮಯವಿರುವುದಿಲ್ಲ. ಅಂಥ ಹೊತ್ತಿಗೆ ಕೀಮ್ಯಾನ್ ಮತ್ತು ಟ್ರ್ಯಾಕ್‌ಮ್ಯಾನ್‌ಗಳ ಕೈಯಲ್ಲಿ ಕೆಂಪು ಬಾವುಟ ಇರುತ್ತದೆ. ಜೊತೆಗೆ ಚಕ್ರ ಹತ್ತಿದೊಡನೆ ಢಂ ಎಂದು ಸಿಡಿಯುವ ಡಿಟೊನೇಟರುಗಳೂ ಇರುತ್ತವೆ. ಬ್ರಾಡ್‌ಗೇಜ್ ಮಾರ್ಗದಲ್ಲಿ ಅಡಚಣೆಯಿಂದ 600 ಮೀಟರಿನಲ್ಲಿ ಒಂದು, 1,200 ಮೀಟರಿನಲ್ಲಿ ಹತ್ತು ಹತ್ತು ಮೀಟರು ಬಿಟ್ಟು ಮೂರು ಡಿಟೊನೇಟರುಗಳನ್ನು ಹಳಿಗೆ ಕಟ್ಟಬೇಕೆಂಬುದು ನಿಯಮ. ಬಾವುಟ ಕಣ್ಣಿಗೆ ಬೀಳದಿದ್ದರೂ ಸದ್ದು ಕಿವಿಗೆ ಬೀಳುತ್ತದೆ.

ಸಿಗ್ನಲ್ ಕಂಬದ ಅಕ್ಷರಗಳು, ಹಳಿ ನಡುವಿನ ಗುರುತು

ಸಿಗ್ನಲ್ ಕಂಬಕ್ಕೆ ಅಂಟಿಸಿದ ದುಂಡು ಬಿಲ್ಲೆಗಳೂ ಮಾತಾಡುತ್ತವೆ. ಹಳದಿ ಬಿಲ್ಲೆಯ ಮೇಲೆ ಕಪ್ಪು ‘ಜಿ’ ಇದ್ದರೆ ಅದು ಗೇಟಿನ ಸಿಗ್ನಲ್. ಗೇಟು ಮುಚ್ಚಿ ಬೀಗ ಬಿದ್ದ ಹೊರತು ಅದು ಹಸಿರಾಗದು. ಬಿಳಿ ಬಿಲ್ಲೆಯ ಮೇಲೆ ಕಪ್ಪು ‘ಎ’ ಇದ್ದರೆ ಅದು ರೈಲುಗಳ ಓಡಾಟಕ್ಕೆ ತಕ್ಕಂತೆ ತಾನಾಗಿ ಬದಲಾಗುವ ಸ್ವಯಂಚಾಲಿತ ಸಿಗ್ನಲ್. ಈ ಎರಡರಲ್ಲಿ ಕೆಂಪು ಬಿದ್ದಿದ್ದರೆ ಲೋಕೋ ಪೈಲಟ್ ಹಗಲಲ್ಲಿ ಒಂದು ನಿಮಿಷ, ರಾತ್ರಿಯಲ್ಲಿ ಎರಡು ನಿಮಿಷ ಕಾಯಬೇಕು. ಆ ಮೇಲೆ ನಿಯಮದಲ್ಲಿ ಹೇಳಿದ ಎಚ್ಚರಿಕೆಯೊಂದಿಗೆ ಮೆಲ್ಲಗೆ ಮುಂದುವರಿಯಬಹುದು. ಬಿಲ್ಲೆಯಿಲ್ಲದ ಕೆಂಪು ಸಿಗ್ನಲ್ಲಿನಲ್ಲಿ ಅಧಿಕೃತ ಅನುಮತಿ ಸಿಗುವವರೆಗೆ ಕದಲುವಂತಿಲ್ಲ. ಒಂದೇ ಅಕ್ಷರದಿಂದ ಕೆಂಪು ದೀಪದ ಅರ್ಥವೇ ಬದಲಾಗುತ್ತದೆ.

ನಿಲ್ದಾಣದ ಅಂಗಳದಲ್ಲಿ ಎರಡು ಹಳಿಗಳು ಕೂಡುವ ಕಡೆ ನೆಲದಲ್ಲಿ ಬಿಳಿ ಕಲ್ಲೊಂದು ಇರುತ್ತದೆ, ಅದರ ಮೇಲೆ ‘ಎಫ್.ಎಂ.’ ಎಂಬ ಕಪ್ಪು ಅಕ್ಷರ. ಇದು ಫೌಲಿಂಗ್ ಮಾರ್ಕ್. ಒಂದು ಹಳಿಯಲ್ಲಿ ನಿಂತ ಬೋಗಿ ಈ ಕಲ್ಲನ್ನು ದಾಟಿ ಚಾಚಿಕೊಂಡರೆ ಪಕ್ಕದ ಹಳಿಯಲ್ಲಿ ಬರುವ ರೈಲಿಗೆ ತಗುಲುತ್ತದೆ. ಮೊಣಕಾಲೆತ್ತರವೂ ಇಲ್ಲದ ಈ ಕಲ್ಲು ಎರಡು ರೈಲುಗಳ ಮಧ್ಯದ ಗಡಿ.

ರೈಲಿನ ಕೊನೆಯ ಬೋಗಿಯ ಬೆನ್ನಿಗೆ ತೂಗುಹಾಕುವ ‘ಎಲ್.ವಿ.’ ಬೋರ್ಡು ಹಳಿಬದಿಯದಲ್ಲದಿದ್ದರೂ ಹಳಿಬದಿಯವರಿಗೇ ಮೀಸಲು. ರೈಲು ದಾಟಿಹೋದಾಗ ಸ್ಟೇಷನ್ ಮಾಸ್ಟರ್, ಗೇಟ್‌ಮ್ಯಾನ್ ಇದನ್ನು ಹುಡುಕಿ ನೋಡುತ್ತಾರೆ. ಕಂಡರೆ ರೈಲು ಪೂರ್ತಿ ಬಂದಿದೆ. ಕಾಣದಿದ್ದರೆ ಹಿಂದಿನ ಬೋಗಿಗಳು ಕಳಚಿ ದಾರಿಯಲ್ಲೇ ಉಳಿದಿರಬಹುದು, ಇನ್ನೊಂದು ರೈಲನ್ನು ಬಿಡುವಂತಿಲ್ಲ. ರಾತ್ರಿ ಈ ಕೆಲಸವನ್ನು ಮಿನುಗುವ ಕೆಂಪು ದೀಪ ಮಾಡುತ್ತದೆ.

ರಸ್ತೆಯವರಿಗೆ ಗೇಟಿನ ಸೂಚನೆ

ರಸ್ತೆಯ ಕಡೆಯಿಂದ ಬರುವವರಿಗೆ ಕೆಂಪು ಅಂಚಿನ ತ್ರಿಕೋನ ಫಲಕಗಳಿವೆ. ಒಳಗೆ ಗೇಟಿನ ಚಿತ್ರ ಇದ್ದರೆ ಕಾವಲುಗಾರನಿರುವ ಕ್ರಾಸಿಂಗ್, ಇಂಜಿನ್ನಿನ ಚಿತ್ರ ಇದ್ದರೆ ಕಾವಲಿಲ್ಲದ್ದು. ಇಂಥ ಫಲಕ ಎರಡು ಸಲ ಎದುರಾಗುತ್ತದೆ. ಗೇಟಿಗೆ 200 ಮೀಟರಿರುವಾಗ ಎರಡು ಓರೆಪಟ್ಟಿಯೊಂದಿಗೆ, ಇನ್ನೂ ಹತ್ತಿರವಾದಾಗ ಒಂದೇ ಪಟ್ಟಿಯೊಂದಿಗೆ.

ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳನ್ನು 2019ರ ಜನವರಿ ಹೊತ್ತಿಗೆ ತೆಗೆದುಹಾಕಲಾಯಿತು. ಕೆಲವು ಮುಚ್ಚಿದವು, ಕೆಲವಕ್ಕೆ ಕೆಳಸೇತುವೆ ಬಂತು, ಕೆಲವಕ್ಕೆ ಗೇಟ್‌ಮ್ಯಾನ್ ಬಂದರು. ಹಾಗಾಗಿ ಈಗ ಬೆಂಗಳೂರಿನ ಸುತ್ತ ತೊಂದರೆ ಬೇರೆ ಬಗೆಯದು. ಹೊಸೂರು ಮಾರ್ಗದಂಥ ಕಡೆ ಗೇಟು ಬಿದ್ದಾಗ ವಾಹನಗಳ ಸಾಲು ಬೆಳೆಯುತ್ತದೆ, ಕಾಯಲಾರದವರು ಬೈಕನ್ನು ವಾಲಿಸಿಕೊಂಡು ಕಂಬದಡಿ ನುಸುಳುತ್ತಾರೆ. ಒಂದು ರೈಲು ಹೋದ ಮೇಲೂ ಗೇಟು ಮುಚ್ಚಿಯೇ ಇದ್ದರೆ ಅದಕ್ಕೊಂದು ಅರ್ಥವಿದೆ. ಜೋಡಿಹಳಿಯಿರುವಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬರುತ್ತಿರಬಹುದು, ಮೊದಲ ರೈಲಿನ ಸದ್ದಿನಲ್ಲಿ ಅದರ ಸದ್ದು ಕೇಳುವುದೂ ಇಲ್ಲ.

ವಿದ್ಯುತ್ ಮಾರ್ಗದ ಕ್ರಾಸಿಂಗ್‌ಗಳಲ್ಲಿ ರಸ್ತೆಗೆ ಅಡ್ಡಲಾಗಿ ಕಮಾನಿನಂತೆ ನಿಲ್ಲಿಸಿದ ಎತ್ತರದ ಮಿತಿಯ ಚೌಕಟ್ಟು ಕಾಣುತ್ತದೆ. ಹುಲ್ಲು ತುಂಬಿದ ಲಾರಿ, ಕಬ್ಬಿಣದ ಸರಳು ಹೊತ್ತ ಗಾಡಿ, ಕ್ರೇನು ಇವು ಸುಮಾರು 4.7 ಮೀಟರು ಎತ್ತರದ ಈ ಚೌಕಟ್ಟಿಗೆ ತಗುಲಿದರೆ ಒಳಗಿನ ತಂತಿಗೂ ಅಪಾಯಕಾರಿಯಾಗಿ ಹತ್ತಿರವಾಗುತ್ತವೆ. ಚೌಕಟ್ಟಿಗೆ ತಾಗಿದ ವಾಹನ ಹಿಂದಕ್ಕೆ ಹೋಗಬೇಕು, ಹೊರೆ ಇಳಿಸಬೇಕು.

ತಲೆಯ ಮೇಲಿನ 25,000 ವೋಲ್ಟ್

ಬೆಂಗಳೂರು–ಮೈಸೂರು ಮಾರ್ಗ 2010ರ ದಶಕದಲ್ಲಿ ವಿದ್ಯುದೀಕರಣಗೊಂಡಿತು, ಹೊಸೂರು ಮಾರ್ಗ ಅದರ ನಂತರ. ಅಲ್ಲಿಂದ ಹಳಿಬದಿಯಲ್ಲಿ ಹೊಸ ಫಲಕಗಳು ಬಂದವು. ತಲೆಬುರುಡೆ, ಎರಡು ಮೂಳೆ, ‘ಅಪಾಯ, 25,000 ವೋಲ್ಟ್’ ಎಂಬ ಕೆಂಪು ಬರಹ ಅವುಗಳಲ್ಲಿ ಮುಖ್ಯ. ಮನೆಯ 230 ವೋಲ್ಟಿನ ವಿದ್ಯುತ್ ಮುಟ್ಟಿದರೆ ಹೊಡೆಯುತ್ತದೆ. 25,000 ವೋಲ್ಟಿನದು ಮುಟ್ಟುವ ಮೊದಲೇ ಗಾಳಿಯ ಮೂಲಕ ಹಾರಬಲ್ಲದು. ಹಾಗಾಗಿಯೇ ತಂತಿಗೆ 2 ಮೀಟರಿಗಿಂತ ಹತ್ತಿರ ಹೋಗಬಾರದೆಂದು ರೈಲ್ವೆ ತನ್ನ ಸಿಬ್ಬಂದಿಗೂ ಕಟ್ಟುನಿಟ್ಟಾಗಿ ಹೇಳುತ್ತದೆ. ನಿಂತ ಗೂಡ್ಸ್ ಬೋಗಿಯ ಮೇಲೆ ಹತ್ತಿ ಸೆಲ್ಫಿ ತೆಗೆಯುವ ಹುಡುಗರು ಸುಟ್ಟುಕೊಳ್ಳುವುದು ತಂತಿ ಹಿಡಿದದ್ದರಿಂದಲೇ ಆಗಬೇಕಿಲ್ಲ. ಎತ್ತಿದ ಕೈ ತಂತಿಗೆ ಸಮೀಪವಾದರೂ ಸಾಕು. ಮೇಲುಸೇತುವೆಯಿಂದ ಸರಿಗೆ, ಕೋಲು, ನೀರು ಕೆಳಗೆ ಬಿಡುವುದೂ ಅಷ್ಟೇ ಅಪಾಯ. ಸೇತುವೆಗಳ ಬದಿಗೆ ಜಾಲರಿ ಕಟ್ಟಿ ಅದೇ ಬುರುಡೆಯ ಫಲಕ ತೂಗುಹಾಕುವುದು ಇದಕ್ಕೇ.

ವಿದ್ಯುತ್ ಇಂಜಿನ್ ನಡೆಸುವವರಿಗೆ ಬೇರೆ ಫಲಕಗಳಿವೆ. ಪಕ್ಕಪಕ್ಕದ ಸಬ್‌ಸ್ಟೇಷನ್‌ಗಳಿಂದ ಬರುವ ವಿದ್ಯುತ್ ಬೇರೆಬೇರೆ ಫೇಸಿನದಾಗಿರುವುದರಿಂದ ನಡುವೆ ವಿದ್ಯುತ್ತೇ ಇಲ್ಲದ ಸಣ್ಣ ತುಂಡೊಂದನ್ನು ಬಿಡುತ್ತಾರೆ. ಅದಕ್ಕೆ ನ್ಯೂಟ್ರಲ್ ಸೆಕ್ಷನ್ ಎನ್ನುತ್ತಾರೆ. 500 ಮೀಟರು ಮುಂಚೆ ಒಂದು ಫಲಕ, 250 ಮೀಟರು ಮುಂಚೆ ಇನ್ನೊಂದು, ಆಮೇಲೆ ಮುಖ್ಯ ಬ್ರೇಕರ್ ತೆರೆಯಲು ‘ಡಿ.ಜೆ. ಓಪನ್’, ದಾಟಿದ ಮೇಲೆ ‘ಡಿ.ಜೆ. ಕ್ಲೋಸ್’. ಆ ತುಂಡನ್ನು ರೈಲು ಸಾಗಿಬಂದ ರಭಸದಲ್ಲೇ ದಾಟುತ್ತದೆ.

ಮೆಟ್ರೋದಲ್ಲಿ ಕಾಲ ಬಳಿಯ ವಿದ್ಯುತ್

ಜಯನಗರದ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದರೆ ತಲೆಯ ಮೇಲೆ ತಂತಿಯೇ ಕಾಣುವುದಿಲ್ಲ. ಆಕಾಶ ಬರಿದಾಗಿದೆ. ಹೊಸಬರಿಗೆ ವಿದ್ಯುತ್ತೇ ಇಲ್ಲವೇನೋ ಎನಿಸುವಷ್ಟು ಹಳಿ ಶಾಂತವಾಗಿ ಕಾಣುತ್ತದೆ. ಆದರೆ ಹಳಿಯ ಪಕ್ಕದಲ್ಲಿ, ತುಸು ಎತ್ತರದಲ್ಲಿ, ಹೊದಿಕೆಯಡಿ ಮೂರನೇ ಹಳಿ ಓಡುತ್ತದೆ. ರೈಲಿನ ಬದಿಯಿಂದ ಚಾಚಿದ ತೋಳು ಅದರಿಂದ ವಿದ್ಯುತ್ ಪಡೆಯುತ್ತದೆ. ಪ್ಲಾಟ್‌ಫಾರಂ ಬಳಿ ಸಾಮಾನ್ಯವಾಗಿ ಅದನ್ನು ಆಚೆ ಬದಿಗೆ ಇಟ್ಟಿರುತ್ತಾರೆ. ದೆಹಲಿ, ಚೆನ್ನೈ ಮೆಟ್ರೋಗಳು ರೈಲ್ವೆಯಂತೆ ಮೇಲಿನ ತಂತಿ ಬಳಸುತ್ತವೆ. ಬೆಂಗಳೂರು, ಕೊಚ್ಚಿ, ಕೋಲ್ಕತ್ತ ಮೂರನೇ ಹಳಿಯ ಊರುಗಳು. ದೆಹಲಿಯಿಂದ ಬಂದು ಬಿ.ಟಿ.ಎಂ.ನಲ್ಲಿ ಮನೆ ಮಾಡಿದವರೂ ಕೆಂಗೇರಿ ರೈಲು ಹಿಡಿದು ಬೆಳೆದವರೂ ತಮ್ಮ ಹಳೆಯ ಅಂದಾಜನ್ನು ಇಲ್ಲಿ ತಿದ್ದಿಕೊಳ್ಳಲೇಬೇಕು. ರೈಲ್ವೆಯಲ್ಲಿ ಅಪಾಯ ಮೇಲಿದೆ, ಇಲ್ಲಿ ಅದು ಮೊಣಕಾಲಿಗಿಂತ ಕೆಳಗಿದೆ.

ಹೀಗಾಗಿ ಮೆಟ್ರೋದಲ್ಲಿ ಎಲ್ಲಕ್ಕಿಂತ ಮುಖ್ಯ ಫಲಕ ನೆಲದಲ್ಲೇ ಇದೆ, ಪ್ಲಾಟ್‌ಫಾರಂ ಅಂಚಿನ ಹಳದಿ ಗೆರೆ. ಅದರ ಜೊತೆಗೆ ಉಬ್ಬು ಚುಕ್ಕಿಗಳ ಟೈಲ್ಸ್ ಹಾಸಿರುತ್ತದೆ. ಉದ್ದುದ್ದ ಗೆರೆಯ ಟೈಲ್ಸ್ ದಾರಿ ತೋರಿಸಿದರೆ ಚುಕ್ಕಿಯ ಟೈಲ್ಸ್ ನಿಲ್ಲು ಎನ್ನುತ್ತದೆ. ಕಣ್ಣು ಕಾಣದವರ ಕೋಲು, ಪಾದ ಎರಡೂ ಇದನ್ನು ಗುರುತಿಸುತ್ತವೆ. ಗೆರೆಯ ಈಚೆಗೆ ನಿಂತವರು ರೈಲು ಬರುವಾಗಿನ ಗಾಳಿಯ ಸೆಳೆತ, ಹಿಂದಿನಿಂದ ಜನರ ನೂಕು ಎರಡರಿಂದಲೂ ಪಾರು. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗದಿಂದ ಹಳದಿಗೆ ಬದಲಾಯಿಸುವವರು ಬೆಳಗಿನ ಹೊತ್ತು ಓಡೋಡಿ ಬರುವಾಗ ಈ ಗೆರೆಯನ್ನೇ ಮೊದಲು ಮರೆಯುತ್ತಾರೆ.

ಪ್ಲಾಟ್‌ಫಾರಂನ ಎರಡೂ ತುದಿಯಲ್ಲಿ ಸಿಬ್ಬಂದಿಗೆ ಮಾತ್ರ ಪ್ರವೇಶ ಎಂಬ ಫಲಕವಿರುವ ಗೇಟು ಇರುತ್ತದೆ. ಅದರಾಚೆ ಹಳಿಗೆ ಇಳಿಯುವ ದಾರಿ. ಮೂರನೇ ಹಳಿಯ ವಿದ್ಯುತ್ತನ್ನು ಒಂದೇ ಏಟಿಗೆ ಕಡಿದುಹಾಕುವ ತುರ್ತು ಟ್ರಿಪ್ ಸ್ವಿಚ್ಚೂ ಪ್ಲಾಟ್‌ಫಾರಂನಲ್ಲಿರುತ್ತದೆ. ಸಿಬ್ಬಂದಿ ಅದನ್ನು ಇ.ಟಿ.ಎಸ್. ಎನ್ನುತ್ತಾರೆ.

ಅದರ ಬೆಲೆ ತಿಳಿಯಲು 2024ರ ಎರಡು ಘಟನೆ ಸಾಕು. ಜನವರಿ 1ರ ಸಂಜೆ ಇಂದಿರಾನಗರ ನಿಲ್ದಾಣದಲ್ಲಿ ಮಹಿಳೆಯೊಬ್ಬರ ಮೊಬೈಲು ಹಳಿಯ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವರೇ ಕೆಳಗಿಳಿದರು. ವಿದ್ಯುತ್ ಕಡಿತ ಮಾಡಿದ್ದರಿಂದ ಅವರಿಗೆ ಏನೂ ಆಗಲಿಲ್ಲ, ರೈಲುಗಳು ಸ್ವಲ್ಪ ಹೊತ್ತು ನಿಂತವು. ಅದೇ ವರ್ಷ ಆಗಸ್ಟ್‌ನಲ್ಲಿ ಬೈಯಪ್ಪನಹಳ್ಳಿಯಲ್ಲಿ ಪುಟ್ಟ ಮಗುವೊಂದು ಆಯತಪ್ಪಿ ಹಳಿಗೆ ಬಿದ್ದಾಗ ಸಿಬ್ಬಂದಿ ತಕ್ಷಣ ಇ.ಟಿ.ಎಸ್. ಒತ್ತಿದರು, ಮಗುವನ್ನು ಮೇಲೆತ್ತಿದರು. ಎರಡೂ ಘಟನೆ ನೇರಳೆ ಮಾರ್ಗದಲ್ಲಿ ನಡೆದವು, ಆದರೆ ಹಸಿರು, ಹಳದಿ ಮಾರ್ಗಗಳಲ್ಲೂ ಅದೇ 750 ವೋಲ್ಟ್ ಓಡುತ್ತದೆ. ಬಿದ್ದ ವಸ್ತು ಎಷ್ಟೇ ಬೆಲೆಯದಾಗಿರಲಿ, ಸಿಬ್ಬಂದಿಗೆ ಹೇಳುವುದೊಂದೇ ದಾರಿ. ವಿದ್ಯುತ್ತು, ರೈಲು ಎರಡನ್ನೂ ನೋಡಿಕೊಂಡು ಅವರು ತೆಗೆದುಕೊಡುತ್ತಾರೆ.

ರೈಲ್ವೆಯಂತೆ ಚಾಲಕನಿಗಾಗಿ ಸಾಲು ಸಾಲು ಫಲಕಗಳು ಮೆಟ್ರೋದಲ್ಲಿ ಕಾಣುವುದಿಲ್ಲ. ಎಷ್ಟು ವೇಗ, ಎಲ್ಲಿಯವರೆಗೆ ಹೋಗಬಹುದು ಎಂಬುದು ಚಾಲಕನ ಮುಂದಿನ ಪರದೆಗೇ ಬರುತ್ತದೆ. ಹಳದಿ ಮಾರ್ಗದ ರೈಲುಗಳು ಸಿ.ಬಿ.ಟಿ.ಸಿ. ಎಂಬ ರೇಡಿಯೋ ಆಧಾರಿತ ವ್ಯವಸ್ಥೆಯಲ್ಲಿ ಓಡುತ್ತವೆ, ಚಾಲಕನಿಲ್ಲದೆಯೂ ಓಡಬಲ್ಲಂತೆ ಅವನ್ನು ರೂಪಿಸಲಾಗಿದೆ. ಯಂತ್ರಕ್ಕೆ ಬೋರ್ಡು ಓದುವ ಅಗತ್ಯವಿಲ್ಲ. ಉಳಿದ ಫಲಕಗಳೆಲ್ಲ ಪ್ರಯಾಣಿಕರಿಗೆ, ದುರಸ್ತಿಯವರಿಗೆ. ಎಂದರೆ ಮೆಟ್ರೋದಲ್ಲಿ ಸುರಕ್ಷತೆಯ ಓದುಬರಹದ ದೊಡ್ಡ ಪಾಲು ಪ್ರಯಾಣಿಕರ ಮೇಲೆಯೇ ಬಿದ್ದಿದೆ.

ಬೋಗಿಯೊಳಗೆ ಬಾಗಿಲ ಬಳಿ ಇರುವ ತುರ್ತು ಗುಂಡಿ ಒತ್ತಿದರೆ ಸಿಬ್ಬಂದಿಯೊಂದಿಗೆ ಮಾತಾಡಬಹುದು. ಎತ್ತರದ ಮಾರ್ಗದ ನಡುವೆ ರೈಲು ನಿಂತರೆ ಬಾಗಿಲು ತೆರೆದು ಇಳಿಯುವುದು ಅತ್ಯಂತ ತಪ್ಪು ನಿರ್ಧಾರ. ಕೆಳಗೆ ಮೂರನೇ ಹಳಿಯಿದೆ, ಅದರಾಚೆ ರಸ್ತೆಯ ಆಳವಿದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಕೆಳಗೆ ವಾಹನಗಳ ಮೇಲ್ಸೇತುವೆ, ಅದರ ಮೇಲೆ ಮೆಟ್ರೋ ಇರುವ ಜೋಡಿ ಸೇತುವೆಯಲ್ಲಿ ಹಳಿ ನೆಲದಿಂದ ಇನ್ನೂ ಮೇಲಿದೆ. ವಿದ್ಯುತ್ ಕಡಿತವಾಗಿದೆ, ಇಳಿಯಿರಿ ಎಂದು ಸಿಬ್ಬಂದಿ ಹೇಳುವವರೆಗೆ ಒಳಗೇ ಇರುವುದು ಕ್ಷೇಮ.

ಫಲಕದ ಭಾಷೆ

2017ರಲ್ಲಿ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಬೆಂಗಳೂರಿನಲ್ಲಿ ದೊಡ್ಡ ಚಳವಳಿ ನಡೆಯಿತು. ಆನಂತರ ಅವುಗಳನ್ನು ತೆಗೆಯಲಾಯಿತು, ಈಗ ಕನ್ನಡ, ಇಂಗ್ಲಿಷ್ ಎರಡು ಭಾಷೆಗಳಿವೆ. ಎಚ್ಚರಿಕೆಯ ಮಾತು ಊರಿನವರಿಗೆ ಊರಿನ ಭಾಷೆಯಲ್ಲಿ ಸಿಗಲೇಬೇಕು. ಹೂವು ಮಾರುವವರು, ಮನೆಗೆಲಸಕ್ಕೆ ಹೋಗುವವರು, ಹಳ್ಳಿಯಿಂದ ಜಯದೇವ ಆಸ್ಪತ್ರೆಗೆ ಬರುವ ರೋಗಿಯ ಕಡೆಯವರು ಓದುವುದು ಕನ್ನಡವನ್ನೇ. ಎಲೆಕ್ಟ್ರಾನಿಕ್ ಸಿಟಿ ದಾರಿಯಲ್ಲಿ ಕೆಲಸ ಮಾಡುವ, ಎರಡೂ ಭಾಷೆ ಓದಲಾರದ ಕಟ್ಟಡ ಕಾರ್ಮಿಕರಿಗೆ ಚಿತ್ರವೇ ಭಾಷೆ. ಹೀಗೆ ಅಕ್ಷರಕ್ಕಷ್ಟೇ ಅಲ್ಲದೆ ಆಕಾರ, ಬಣ್ಣ, ಚಿತ್ರಕ್ಕೂ ಸಮಾನ ಜಾಗ ಕೊಟ್ಟ ಫಲಕವೇ ಒಳ್ಳೆಯ ಫಲಕ. ರೈಲ್ವೆ ಗೇಟಿನ ಬಳಿಯ ಮಾಸಿದ, ಜಾಹೀರಾತು ಅಂಟಿಸಿದ ಬೋರ್ಡುಗಳನ್ನು ಕಾಲಕಾಲಕ್ಕೆ ತೊಳೆದು ಬಣ್ಣ ಹಚ್ಚುವುದೂ ಹಳಿ ದುರಸ್ತಿಯಷ್ಟೇ ಮುಖ್ಯ ಕೆಲಸ.

ಕಾನೂನು

ರೈಲ್ವೆ ಕಾಯ್ದೆ, 1989ರ 147ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಹಳಿಗೆ ಬರುವುದು ಅತಿಕ್ರಮಣ. ಆರು ತಿಂಗಳವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮುಚ್ಚಿದ ಗೇಟನ್ನು ತೆರೆಯುವುದು, ಮುರಿಯುವುದು 160ನೇ ಕಲಂ ಅಡಿ ಇನ್ನೂ ಗಂಭೀರ ಅಪರಾಧ. ತೆರೆದರೆ ಮೂರು ವರ್ಷ, ಮುರಿದರೆ ಐದು ವರ್ಷದವರೆಗೆ ಸೆರೆ. ಮೋಟಾರು ವಾಹನ ಕಾಯ್ದೆ, 1988ರ 131ನೇ ಕಲಂ ಕಾವಲಿಲ್ಲದ ಕ್ರಾಸಿಂಗಿನಲ್ಲಿ ವಾಹನ ನಿಲ್ಲಿಸಬೇಕೆನ್ನುತ್ತದೆ. ಕಂಡಕ್ಟರೋ ಕ್ಲೀನರೋ ಇಳಿದು ಎರಡೂ ಕಡೆ ನೋಡಿ ದಾಟಿಸಬೇಕು, ಅವರು ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. ಮೆಟ್ರೋ ಹಳಿಯ ಮೇಲೆ ಅಕ್ರಮವಾಗಿ ನಡೆಯುವುದನ್ನು ಮೆಟ್ರೋ ರೈಲ್ವೆ ಕಾರ್ಯಾಚರಣೆ ಮತ್ತು ನಿರ್ವಹಣೆ ಕಾಯ್ದೆ, 2002ರ 64ನೇ ಕಲಂ ಅಪರಾಧವೆಂದು ಘೋಷಿಸಿದೆ.

ಸಾರ್ವಜನಿಕರು ಬಳಸಬಹುದಾದ ಗುರುತು

ರೈಲ್ವೆಯವರಿಗಾಗಿ ಇದ್ದರೂ ಎಲ್ಲರಿಗೂ ಉಪಯೋಗಕ್ಕೆ ಬರುವ ಗುರುತೊಂದಿದೆ. ವಿದ್ಯುತ್ ಮಾರ್ಗದ ಪ್ರತಿ ಕಂಬದ ಮೇಲೂ ಒಂದು ಸಂಖ್ಯೆ ಇರುತ್ತದೆ. ಉದಾಹರಣೆಗೆ 12/5 ಎಂದಿದ್ದರೆ ಅದು 12ನೇ ಕಿಲೋಮೀಟರಿನ 5ನೇ ಕಂಬ. ಜೋಡಿಹಳಿಯಲ್ಲಿ ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸಮ ಸಂಖ್ಯೆ ಇರುತ್ತದೆ. ಎರಡು ಕಂಬಗಳ ಅಂತರ ಹೆಚ್ಚೆಂದರೆ 72 ಮೀಟರಾದ್ದರಿಂದ ಈ ಸಂಖ್ಯೆ ಗೊತ್ತಾದರೆ ಜಾಗ ಕೂಡಲೇ ಪತ್ತೆಯಾಗುತ್ತದೆ.

ನಾಯಂಡಹಳ್ಳಿ ಕಡೆಯ ಹಳಿಯ ಮೇಲೆ ಮರ ಉರುಳಿರುವುದು, ಹೀಲಲಿಗೆ ಬಳಿ ತಂತಿ ಜೋತಿರುವುದು, ಹಳಿಯಲ್ಲಿ ಬಿರುಕು ಕಂಡುಬರುವುದು, ಬೋಗಿಯಿಂದ ಯಾರೋ ಬಿದ್ದಿರುವುದು ಇಂಥದ್ದೇನಾದರೂ ಗಮನಕ್ಕೆ ಬಂದರೆ ದೂರದಿಂದಲೇ ಹತ್ತಿರದ ಕಂಬದ ಸಂಖ್ಯೆ ಓದಿಕೊಂಡು ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಬೇಕು. ಗೇಟು ಸಮೀಪವಿದ್ದರೆ ಗೇಟ್‌ಮ್ಯಾನ್‌ಗೆ ಹೇಳುವುದು ಇನ್ನೂ ಬೇಗ. ಅವರ ಕೋಣೆಯಿಂದ ಸ್ಟೇಷನ್‌ಗೆ ನೇರ ಫೋನ್ ಇರುತ್ತದೆ, ಅವರ ಕೈಯಲ್ಲಿ ಕೆಂಪು ಬಾವುಟವೂ ಇರುತ್ತದೆ. ಮೆಟ್ರೋ ಪ್ಲಾಟ್‌ಫಾರಂನಲ್ಲಾದರೆ ಮೊದಲು ಕೂಗಿ ಕಾವಲು ಸಿಬ್ಬಂದಿಯನ್ನು ಎಚ್ಚರಿಸಬೇಕು. ಅವರು ವಿದ್ಯುತ್ ಕಡಿತ ಮಾಡಿದ್ದೇವೆ ಎಂದು ಖಚಿತಪಡಿಸುವವರೆಗೆ ಬಿದ್ದವರನ್ನು ಎತ್ತಲೆಂದೂ ಹಳದಿ ಗೆರೆ ದಾಟಿ ಕೆಳಗಿಳಿಯಬಾರದು.